ನೀರುಗಂಟಿಯಿಂದ ಟ್ಯಾಂಕರಿಗೆ: ಬೆಂಗಳೂರಿನ ಸುತ್ತಣ ಊರುಗಳಲ್ಲಿ ನೀರಿನ ಹಕ್ಕು

ನೀರು ಯಾರದು ಎಂಬ ಪ್ರಶ್ನೆಗೆ ಬಯಲುಸೀಮೆಯ ಜನಪದರು ನೇರವಾಗಿ ಉತ್ತರಿಸಿದ್ದು ಕಡಿಮೆ. ನೀರನ್ನು ಯಾರು ಹಂಚಬೇಕು, ಯಾವ ಗದ್ದೆಗೆ ಎಷ್ಟು ಬಿಡಬೇಕು, ಹಂಚಿದವನಿಗೆ ಏನು ಸಲ್ಲಬೇಕು ಎಂಬುದನ್ನು ಮಾತ್ರ ಅವರು ಖಚಿತವಾಗಿ ಗೊತ್ತುಮಾಡಿಕೊಂಡಿದ್ದರು. ಬೆಂಗಳೂರಿನ ವಸತಿ ಸಮುಚ್ಚಯಗಳೂ ಹೋಟೆಲುಗಳೂ ಸುತ್ತಣ ಹಳ್ಳಿಗಳ ಜಮೀನುದಾರರ ಕೊಳವೆಬಾವಿಗಳಿಂದ ಟ್ಯಾಂಕರ್ ಲೆಕ್ಕದಲ್ಲಿ ನೀರು ಕೊಳ್ಳುತ್ತಿರುವ ಸಂದರ್ಭದಲ್ಲಿ, ಹಂಚಿಕೆಯ ಪರಿಕಲ್ಪನೆ ಒಡೆತನದ ಪರಿಕಲ್ಪನೆಯಾಗಿ ಮಾರ್ಪಟ್ಟ ಬಗೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಬೆಂಗಳೂರಿನ ಆಗರದಲ್ಲಿ ದೊರೆತಿರುವ, 9ನೆಯ ಶತಮಾನದ ಗಂಗರ ಕಾಲದ ಶಾಸನವೊಂದು ಎರಡು ಕೆರೆಗಳಿಗೆ ತೂಬಿಡಿಸಿ ಮತ್ತೊಂದನ್ನು ಕಟ್ಟಿಸಿದವನಿಗೆ ಬಿಟ್ಟುವಟ್ಟ ಸಂದುದನ್ನು ದಾಖಲಿಸುತ್ತದೆ. ಕೆರೆ ಕಟ್ಟಿದವನಿಗೆ, ಅದನ್ನು ಕಾಯ್ದುಕೊಂಡು ಬರುವವನಿಗೆ ಬಿಟ್ಟುಕೊಡುವ ಭೂಮಿ ಅಥವಾ ಫಸಲಿನ ಪಾಲೇ ಬಿಟ್ಟುವಟ್ಟ. ಕಟ್ಟುಕೊಡಗೆ ಎಂಬ ಶಾಸನಪದದ ಆಶಯವೂ ಇದಕ್ಕೆ ಹತ್ತಿರದ್ದು. ಇಂಥ ದತ್ತಿಗಳಲ್ಲಿ ಕೈ ಬದಲಾಯಿಸುವುದು ನೆಲ ಮತ್ತು ಬೆಳೆ, ನೀರಲ್ಲ. ಕೆರೆಗೆ ಹಾರವಾದ ಭಾಗೀರಥಿಯ ಕಥನಗೀತೆಯಲ್ಲಿಯೂ ಕೆರೆ ಕಟ್ಟಿಸಿದವನು ಗೌಡನೇ. ಆದರೂ ಆ ನೀರು ಗೌಡನದು ಎಂಬ ಭಾವ ಕತೆಯಲ್ಲಿ ಎಲ್ಲಿಯೂ ಸುಳಿಯುವುದಿಲ್ಲ. ನೀರಿಗೆ ಬೆಲೆ ತೆತ್ತವಳು ಮಾತ್ರ ಮಾತಿಲ್ಲದ ಕಿರಿಸೊಸೆ.

ಈ ವ್ಯವಸ್ಥೆಯ ಕೇಂದ್ರದಲ್ಲಿದ್ದವನು ನೀರುಗಂಟಿ. ಊರಿನ ಆಯಗಾರರಲ್ಲಿ ಒಬ್ಬನಾದ ಅವನ ಕೈಯಲ್ಲಿ ತೂಬಿನ ಕೀಲಿ ಇರುತ್ತಿತ್ತು. ಏರಿಯಲ್ಲಿ ಬಿಲ ಬಿದ್ದರೆ ಮುಚ್ಚುವುದು, ಕೋಡಿ ಹರಿಯುವಾಗ ರಾತ್ರಿಯೆಲ್ಲ ಕಾಯುವುದು, ಅಚ್ಚುಕಟ್ಟಿನ ಕೊನೆಯ ಗದ್ದೆಗೆ ನೀರು ಮುಟ್ಟಿತೋ ಇಲ್ಲವೋ ನೋಡುವುದು ಅವನ ಕೆಲಸ. ಕೂಲಿ ಹಣದಲ್ಲಲ್ಲ, ಸುಗ್ಗಿಯ ಕಣದಲ್ಲಿ ಅಳೆದು ಕೊಡುವ ಧಾನ್ಯದಲ್ಲಿ. ಎಷ್ಟೋ ಕಡೆ ಅಚ್ಚುಕಟ್ಟಿನಲ್ಲಿ ಜಮೀನಿಲ್ಲದವನನ್ನೇ ಈ ಕೆಲಸಕ್ಕೆ ನೇಮಿಸುತ್ತಿದ್ದರು. ಸ್ವಂತ ಗದ್ದೆಯಿದ್ದವನು ನಿಷ್ಪಕ್ಷಪಾತಿಯಾಗಿರಲಾರ ಎಂಬ ಲೋಕಜ್ಞಾನ ಇದರ ಹಿಂದಿದೆ. ಮಳೆ ಕೈಕೊಟ್ಟ ವರ್ಷ ತೂಬಿನ ಸಮೀಪದ ಜಮೀನನ್ನಷ್ಟೇ ಎಲ್ಲ ಹಿಡುವಳಿದಾರರೂ ತಂತಮ್ಮ ಪ್ರಮಾಣಕ್ಕೆ ತಕ್ಕಂತೆ ಹಂಚಿಕೊಂಡು ಬೆಳೆಯುವ ದಾಮಾಷಾ ಪದ್ಧತಿಯೂ ಇತ್ತು. ಬರಗಾಲದಲ್ಲಿ ನೆಲದ ಒಡೆತನವೇ ನೀರಿನ ಹಂಚಿಕೆಗೆ ತಲೆಬಾಗುತ್ತಿತ್ತು.

ಹಾಗೆಂದು ಕೆರೆಯ ಕಾಲವನ್ನು ಸಮಾನತೆಯ ಕಾಲವೆಂದು ಕೊಂಡಾಡುವುದು ಸಲ್ಲದು. ಅದು ನಮ್ಮ ಜಾನಪದ ಬರಹಗಳ ಹಳೆಯ ಚಟ. ನೀರುಗಂಟಿಗಳಲ್ಲಿ ಅನೇಕರು ದಲಿತರು. ಊರಿನ ಗದ್ದೆಗಳಿಗೆಲ್ಲ ನೀರು ಬಿಟ್ಟವನಿಗೆ ಅದೇ ಊರಿನ ಸೇದುವ ಬಾವಿಯ ಕಟ್ಟೆ ಏರುವ ಅವಕಾಶ ಇರಲಿಲ್ಲ.

ಕೊಳವೆಬಾವಿಯೊಡನೆ ಈ ಇಡೀ ವಿನ್ಯಾಸ ಬದಲಾಯಿತು. 1882ರ ಈಸ್‌ಮೆಂಟ್ ಕಾಯಿದೆಯು, ನಿರ್ದಿಷ್ಟ ಪಾತ್ರದಲ್ಲಿ ಹರಿಯದ ನೆಲದಡಿಯ ನೀರನ್ನು ತನ್ನ ಎಲ್ಲೆಯೊಳಗೆ ಸಂಗ್ರಹಿಸುವ, ವಿಲೇವಾರಿ ಮಾಡುವ ಹಕ್ಕನ್ನು ಭೂಮಾಲೀಕನದೆಂದು ಗುರುತಿಸಿತು. ಹೊಸ ಬಾವಿಗಳಿಗೆ ಅಂಕುಶ ಹಾಕುವ ಕರ್ನಾಟಕದ ಅಂತರ್ಜಲ ಕಾಯಿದೆ ಬಂದುದು 2011ರಲ್ಲಿ. ಆಚರಣೆಗಳೂ ಇದೇ ದಾರಿ ಹಿಡಿದವು. ಕೆರೆ ಕೋಡಿ ಬಿದ್ದಾಗ ಊರೆಲ್ಲ ಸೇರಿ ಏರಿಯ ಮೇಲೆ ಮಾಡುತ್ತಿದ್ದ ಗಂಗಮ್ಮನ ಪೂಜೆ, ಕೊರೆಯುವ ಯಂತ್ರ ಬಂದ ದಿನ ಒಬ್ಬನ ಹೊಲದಲ್ಲಿ ನಡೆಯುವ ಗಂಗೆಪೂಜೆಯಾಯಿತು. ಅಂಗೈಯ ಮೇಲೆ ತೆಂಗಿನಕಾಯಿ ಇಟ್ಟುಕೊಂಡೋ ಕವಲುಕಡ್ಡಿ ಹಿಡಿದೋ ಜಲ ತೋರಿಸುವವನು ನೀರುಗಂಟಿಯ ಸ್ಥಾನಕ್ಕೆ ಬಂದ. ಅವನು ನೀರು ಎಲ್ಲಿದೆ ಎಂದು ಹೇಳಬಲ್ಲ. ಯಾರಿಗೆ ಎಷ್ಟು ಎಂದು ಹೇಳಲಾರ.

ನಗರವೊಂದು ಜಮೀನುದಾರರಿಂದ ನೀರಿನ ಹಕ್ಕು ಕೊಂಡ ಪ್ರಸಿದ್ಧ ನಿದರ್ಶನ ಅಮೆರಿಕದ್ದು. ಓವೆನ್ಸ್ ಕಣಿವೆಯ ಜಮೀನುಗಳನ್ನೂ ನೀರಿನ ಹಕ್ಕುಗಳನ್ನೂ ಲಾಸ್ ಏಂಜಲೀಸ್ 1905ರಿಂದ ಕೊಳ್ಳುತ್ತ ಹೋಗಿ, 1913ರಲ್ಲಿ ಸುಮಾರು 375 ಕಿ.ಮೀ. ಉದ್ದದ ನಾಲೆಯಿಂದ ನೀರನ್ನು ಊರಿಗೆ ತಂದಿತು. ಕಣಿವೆಯ ಸರೋವರ ಬತ್ತಿತು. 1924ರಲ್ಲಿ ರೈತರು ನಾಲೆಗೆ ಸಿಡಿಮದ್ದಿಟ್ಟರು. ಅಷ್ಟಾಗಿ ಮಾರಿದವರು ಹಿಂದಿನ ಶತಮಾನದಲ್ಲಿ ಬಂದು ನೆಲೆಸಿದವರು. ಅವರಿಗೂ ಮೊದಲು ಅಲ್ಲಿ ಕಾಲುವೆ ತೆಗೆದು, ನೀರು ತಿರುಗಿಸಲು ತಮ್ಮೊಳಗೊಬ್ಬನನ್ನು ಆರಿಸಿಕೊಳ್ಳುತ್ತಿದ್ದ ಪೈಯೂಟ್ ಬುಡಕಟ್ಟಿನವರನ್ನು ಆ ವ್ಯಾಪಾರದಲ್ಲಿ ಕೇಳಿದವರಿಲ್ಲ. ಅವರಲ್ಲಿಯೂ ಒಬ್ಬ ನೀರುಗಂಟಿ ಇದ್ದನೆಂಬುದು ತೌಲನಿಕ ಜಾನಪದಕ್ಕೆ ಮಹತ್ವದ ಸಂಗತಿ.

ಬೆಂಗಳೂರಿನಲ್ಲಿ ಹಕ್ಕಿನ ಕ್ರಯಪತ್ರವಾಗುವುದಿಲ್ಲ. ನೆಲ ರೈತನಲ್ಲಿಯೇ ಉಳಿದು ನೀರು ಮಾತ್ರ ಲೋಡುಗಳಲ್ಲಿ ಹೊರಡುತ್ತದೆ. ಕಾವೇರಿ 1974ರಲ್ಲಿ ನಗರಕ್ಕೆ ಬಂದಳಾದರೂ 2007ರಲ್ಲಿ ಮಹಾನಗರ ಪಾಲಿಕೆಗೆ ಸೇರಿದ 110 ಹಳ್ಳಿಗಳಿಗೆಂದು ರೂಪಿಸಿದ ಐದನೆಯ ಹಂತ ಉದ್ಘಾಟನೆಯಾದುದು 2024ರ ಅಕ್ಟೋಬರಿನಲ್ಲಿ. ನಡುವಣ ವರ್ಷಗಳನ್ನು ಬಹುಮಟ್ಟಿಗೆ ತುಂಬಿದ್ದು ಕೊಳವೆಬಾವಿ ಮತ್ತು ಟ್ಯಾಂಕರು. ಅದೇ ವರ್ಷದ ಮಾರ್ಚಿನ ಬರದಲ್ಲಿ ಜಿಲ್ಲಾಡಳಿತವು 5 ಕಿ.ಮೀ. ಒಳಗೆ 6,000 ಲೀಟರಿನ ಟ್ಯಾಂಕರಿಗೆ 600 ರೂಪಾಯಿ, 12,000 ಲೀಟರಿನದಕ್ಕೆ 1,000 ರೂಪಾಯಿ ಎಂದು ದರ ಗೊತ್ತುಪಡಿಸಿತು. ಈ ದರಪಟ್ಟಿಯನ್ನು ಒಂದು ಪಠ್ಯವಾಗಿ ಓದಬೇಕು. ಅದರಲ್ಲಿ ಟ್ಯಾಂಕರಿನ ಗಾತ್ರವಿದೆ, ದೂರವಿದೆ; ನೀರು ಎದ್ದ ಊರಿಗೆ ಸಲ್ಲಬೇಕಾದ ಪಾಲು ಎಂಬ ಕಲಂ ಇಲ್ಲ. ಒಬ್ಬನ ಆಳದ ಬಾವಿ ನಗರಕ್ಕೆ ನೀರೆತ್ತಿದಾಗ, ಏನನ್ನೂ ಮಾರದ ಪಕ್ಕದ ಹೊಲದವನ ಬಾವಿ ಬತ್ತುತ್ತದೆ. ಹಿಂದೆ ಕೊನೆಯ ಗದ್ದೆಯವನು ತೂಬಿನ ಬಳಿ ಹೋಗಿ ನೀರುಗಂಟಿಯೊಡನೆ ಜಗಳವಾಡಬಹುದಿತ್ತು. ಇವನು ದೂರು ಹೇಳಲು ಊರಿನೊಳಗೆ ಅಂಥ ಸ್ಥಾನವೇ ಉಳಿದಿಲ್ಲ.

2018ರಿಂದ ಬೆಂಗಳೂರಿನ ಸಂಸ್ಕರಿತ ಕೊಳಚೆನೀರು ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯ ಮೂಲಕ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಬಹುಕಾಲ ಒಣಗಿದ್ದ ಕೆರೆಗಳು ತುಂಬಿವೆ. ಆದರೆ ಈ ನೀರನ್ನು ನೇರವಾಗಿ ಗದ್ದೆಗೆ ಬಿಡುವಂತಿಲ್ಲ. ಅಂತರ್ಜಲ ಮರುಪೂರಣವಷ್ಟೇ ಯೋಜನೆಯ ಗುರಿ. ಕೆರೆ ತುಂಬಿದರೂ ತೂಬು ತೆರೆಯುವುದಿಲ್ಲವಾದ್ದರಿಂದ ನೀರುಗಂಟಿಗೆ ಅಲ್ಲಿ ಕೆಲಸವಿಲ್ಲ. ಕೆರೆಯಿಂದ ಇಂಗಿದ ನೀರು ಸುತ್ತಮುತ್ತ ಕೊಳವೆಬಾವಿ ಕೊರೆಯಿಸಬಲ್ಲವರ ಹೊಲಗಳಲ್ಲಿ ಮೇಲೇಳುತ್ತಿದೆ.