ಚೊಂಬನ್ನು ವಿನ್ಯಾಸ ಮಾಡಿದವರು ಯಾರು?

ನಮ್ಮ ಮನೆಗಳ ಚೊಂಬನ್ನು ವಿನ್ಯಾಸ ಮಾಡಿದವರು ಯಾರು? ಈ ಪ್ರಶ್ನೆಗೆ ಒಬ್ಬರ ಹೆಸರನ್ನು ಉತ್ತರವಾಗಿ ಕೊಡಲು ಬರುವುದಿಲ್ಲ. ಅಮೆರಿಕದ ಪ್ರಸಿದ್ಧ ವಿನ್ಯಾಸಕ ದಂಪತಿ ಚಾರ್ಲ್ಸ್ ಈಮ್ಸ್ ಮತ್ತು ರೇ ಈಮ್ಸ್ 1958ರಲ್ಲಿ ಭಾರತ ಸರ್ಕಾರದ ಆಹ್ವಾನದ ಮೇಲೆ ಬಂದು ದೇಶ ಸುತ್ತಿದಾಗ ಅವರು ಬಹುವಾಗಿ ಮೆಚ್ಚಿದ ವಸ್ತು ಈ ಚೊಂಬೇ. ಅದು ಎಷ್ಟು ನೀರು ಹಿಡಿಯಬೇಕು, ತುಂಬಿದಾಗಲೂ ಬರಿದಾದಾಗಲೂ ಹೇಗೆ ಸಮತೋಲದಲ್ಲಿರಬೇಕು, ಕೈಗೆ ಹೇಗೆ ಒಗ್ಗಬೇಕು, ತೊಳೆಯಲು ಸುಲಭವೇ, ಬೆಲೆ ಎಷ್ಟಾಗುತ್ತದೆ – ಇದನ್ನೆಲ್ಲ ಒಬ್ಬರೇ ಕುಳಿತು ಲೆಕ್ಕ ಹಾಕಿದ್ದಲ್ಲ. ತಲೆಮಾರುಗಳ ಕಾಲ ಬಳಸುತ್ತ, ತಿದ್ದುತ್ತ ಬಂದ ಜನರೇ ಅದಕ್ಕೆ ಆ ರೂಪ ಕೊಟ್ಟರು ಎಂಬುದು ಅವರ ವರದಿಯಲ್ಲಿದ್ದ ಮುಖ್ಯ ವಿಚಾರ. ಆ ವರದಿಯ ಬೆನ್ನಲ್ಲೇ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ (ಎನ್‌ಐಡಿ) ಆರಂಭವಾಯಿತು.

ಹಳ್ಳಿಯ ಬಡಗಿ ತಾನು ಮಾಡಿದ ನೇಗಿಲನ್ನು ಯಾರು ಹಿಡಿಯುತ್ತಾರೆ ಎಂಬುದನ್ನು ಬಲ್ಲ. ಹಿಡಿ ಸರಿಯಿಲ್ಲದಿದ್ದರೆ ರೈತ ಮರುದಿನವೇ ಬಂದು ಅವನ ಅಂಗಳದಲ್ಲಿ ನಿಲ್ಲುತ್ತಾನೆ. ಕಾರ್ಖಾನೆಯಲ್ಲಿ ಹಾಗಲ್ಲ. ಮಾಡುವವರು ಬಳಸುವವರ ಮುಖವನ್ನೇ ನೋಡಿರುವುದಿಲ್ಲ. ಒಮ್ಮೆ ಅಚ್ಚು ಸಿದ್ಧವಾಯಿತೆಂದರೆ ಅದರಲ್ಲಿನ ಒಂದು ತಪ್ಪು ಲಕ್ಷ ವಸ್ತುಗಳಲ್ಲಿ ಲಕ್ಷ ಸಲ ಮರುಕಳಿಸುತ್ತದೆ. ತಲೆಮಾರುಗಳು ಮಾಡಿದ ಕೆಲಸವನ್ನು ಇಲ್ಲಿ ಕೆಲವೇ ತಿಂಗಳಲ್ಲಿ ಮಾಡಬೇಕು. ಆ ಹೊಣೆ ಹೊತ್ತವರೇ ವಸ್ತು ವಿನ್ಯಾಸಕರು, ಅಂದರೆ ಪ್ರಾಡಕ್ಟ್ ಡಿಸೈನರ್‌ಗಳು. (ಈಚೆಗೆ ಮೊಬೈಲ್ ಆ್ಯಪ್‌ಗಳ ಪರದೆಯನ್ನು ರೂಪಿಸುವವರನ್ನೂ ಇದೇ ಹೆಸರಿನಿಂದ ಕರೆಯುತ್ತಾರೆ.)

ವಿನ್ಯಾಸವೆಂದರೆ ಸಿದ್ಧವಾದ ವಸ್ತುವಿಗೆ ಬಣ್ಣ ಬಳಿದು ಅಂದಗೊಳಿಸುವುದು ಎಂಬ ತಪ್ಪು ಕಲ್ಪನೆ ಹಲವರಲ್ಲಿದೆ. ಯಂತ್ರ ನಡೆಯುತ್ತದೆಯೇ ಎಂದು ಇಂಜಿನಿಯರ್ ಕೇಳುತ್ತಾರೆ. ಮಾರಾಟವಾಗುತ್ತದೆಯೇ ಎಂದು ವ್ಯಾಪಾರಿ ಕೇಳುತ್ತಾರೆ. ಇದನ್ನು ಬಳಸುವವರಿಗೆ ತಿಳಿಯುತ್ತದೆಯೇ, ಎಟಕುತ್ತದೆಯೇ, ನೋವಾಗದೆ ಕೆಲಸ ಆಗುತ್ತದೆಯೇ ಎಂದು ಕೇಳುವವರು ವಿನ್ಯಾಸಕರು.

ನಾವೆಲ್ಲ ಮುಟ್ಟಿರುವ ಒಂದು ಉದಾಹರಣೆಯನ್ನೇ ನೋಡೋಣ. ವಿದ್ಯುನ್ಮಾನ ಮತಯಂತ್ರವನ್ನು ತಯಾರಿಸುವವರು ಬೆಂಗಳೂರಿನ ಬಿಇಎಲ್ ಮತ್ತು ಹೈದರಾಬಾದಿನ ಇಸಿಐಎಲ್. ಅದರ ವಿನ್ಯಾಸದಲ್ಲಿ ಕೆಲಸ ಮಾಡಿದವರು, 1969ರಲ್ಲಿ ಆರಂಭವಾದ ಐಐಟಿ ಬಾಂಬೆಯ ಕೈಗಾರಿಕಾ ವಿನ್ಯಾಸ ಕೇಂದ್ರದ ಅಧ್ಯಾಪಕರು. ಓದು ಬಾರದವರಿಗೂ ಯಂತ್ರ ಅರ್ಥವಾಗಬೇಕು. ಹಾಗಾಗಿ ಚಿಹ್ನೆಯ ಸಾಲಿನಲ್ಲೇ ನೀಲಿ ಗುಂಡಿ. ಮತ ಬಿತ್ತೋ ಇಲ್ಲವೋ ಎಂಬ ಅನುಮಾನ ಉಳಿಯಬಾರದು. ಹಾಗಾಗಿ ಕೆಂಪು ದೀಪ ಮತ್ತು ‘ಬೀಪ್’ ಸದ್ದು. ಒಬ್ಬರು ಎರಡು ಸಲ ಒತ್ತಿದರೆ ಎರಡು ಮತ ಬೀಳಬಾರದು. ಹಾಗಾಗಿ ಅಧಿಕಾರಿ ಮತ್ತೆ ಅನುವು ಮಾಡಿಕೊಡುವವರೆಗೆ ಯಂತ್ರ ಸುಮ್ಮನಿರುತ್ತದೆ. ಕರೆಂಟಿಲ್ಲದ ಊರಿಗೂ ಹೋಗಬೇಕು, ಹಾಗಾಗಿ ಬ್ಯಾಟರಿ. ಕೇರಳದ ಪರವೂರಿನಲ್ಲಿ 1982ರಲ್ಲಿ ಮೊದಲು ಬಳಕೆಯಾದ ಮತಯಂತ್ರವು 2004ರ ಲೋಕಸಭಾ ಚುನಾವಣೆಯಲ್ಲಿ ಎಲ್ಲ 543 ಕ್ಷೇತ್ರಗಳನ್ನೂ ತಲುಪಿತು. ಇಲ್ಲಿ ಒಂದು ಗುಂಡಿಯ ಜಾಗ ತಪ್ಪಿದ್ದರೂ ನಷ್ಟ ಮತದಾರನ ಹಕ್ಕಿಗೇ ಆಗುತ್ತಿತ್ತು.

ಈ ಕೆಲಸ ಮೊದಲಾಗುವುದು ಮೇಜಿನ ಮುಂದೆ ಅಲ್ಲ, ಬಳಸುವವರ ನಡುವೆ. ಜನ ಏನು ಹೇಳುತ್ತಾರೆ ಎಂಬುದಕ್ಕಿಂತ ಏನು ಮಾಡುತ್ತಾರೆ ಎಂಬುದನ್ನು ನೋಡಬೇಕು. ಕುಕ್ಕರಿನ ಹಿಡಿಗೆ ಬಟ್ಟೆ ಸುತ್ತಿದ್ದರೆ ಅದೊಂದು ಮೌನದ ದೂರು. ಆಮೇಲೆ ಹತ್ತಾರು ರೇಖಾಚಿತ್ರಗಳು. ರಟ್ಟು, ಥರ್ಮೋಕೋಲು, ಜೇಡಿಮಣ್ಣಿನ ಮಾದರಿಗಳು. ಈಗ ಕಂಪ್ಯೂಟರಿನಲ್ಲಿ ರೂಪಿಸಿ ತ್ರೀಡಿ ಮುದ್ರಣದಲ್ಲಿ ತೆಗೆಯುವುದೂ ಉಂಟು. ಮಾದರಿಯನ್ನು ಬಳಸುವವರ ಕೈಗಿತ್ತು, ಅವರು ಎಲ್ಲಿ ತಡವರಿಸುತ್ತಾರೆಂದು ನೋಡಿ, ಮತ್ತೆ ತಿದ್ದಬೇಕು. ಮರ, ಲೋಹ, ಪ್ಲಾಸ್ಟಿಕ್ಕಿನ ಗುಣ ಮತ್ತು ತಯಾರಿಕೆಯ ಖರ್ಚು ಎರಡೂ ತಿಳಿದಿರಬೇಕು.

ಇದಕ್ಕೆ ಓದು ಹೇಗೆ? ಪಿಯುಸಿಯಲ್ಲಿ ಯಾವ ವಿಷಯ ಓದಿದವರೂ ನಾಲ್ಕು ವರ್ಷಗಳ ಬಿ.ಡಿಸ್. ಪದವಿಗೆ ಪ್ರಯತ್ನಿಸಬಹುದು. ಎನ್‌ಐಡಿಗೆ ಎರಡು ಹಂತದ ಪ್ರವೇಶ ಪರೀಕ್ಷೆಯಿದೆ. ಐಐಟಿಗಳ ವಿನ್ಯಾಸ ಪದವಿಗೆ ‘ಯುಸೀಡ್’, ಸ್ನಾತಕೋತ್ತರ ಎಂ.ಡಿಸ್.ಗೆ ‘ಸೀಡ್’ ಪರೀಕ್ಷೆಗಳಿವೆ. ಇಂಜಿನಿಯರಿಂಗ್ ಮುಗಿಸಿದವರಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ವಸ್ತು ವಿನ್ಯಾಸದ ಎಂ.ಡಿಸ್. ಇದೆ. ಈ ಪರೀಕ್ಷೆಗಳು ಬಾಯಿಪಾಠಕ್ಕಿಂತ ಗಮನಿಸುವ ಶಕ್ತಿ, ಚಿತ್ರ ಬರೆದು ವಿಚಾರ ಹೇಳುವ ಬಗೆ, ತರ್ಕ ಇವುಗಳನ್ನೇ ಒರೆಗೆ ಹಚ್ಚುತ್ತವೆ. ಆದ್ದರಿಂದ ತಯಾರಿಯೂ ಮನೆಯಲ್ಲೇ ಶುರುವಾಗಬಹುದು: ಕೆಟ್ಟ ಟಾರ್ಚನ್ನೋ ಫ್ಯಾನನ್ನೋ ಬಿಚ್ಚಿ ಜೋಡಿಸುವುದು, ದಿನಕ್ಕೊಂದು ವಸ್ತುವಿನ ಚಿತ್ರ ಬರೆಯುವುದು, ಅಡುಗೆಮನೆಯಲ್ಲಿ ಒಂದು ಗಂಟೆ ಸುಮ್ಮನೆ ಕುಳಿತು ಅಲ್ಲಿನ ಕಷ್ಟಗಳ ಪಟ್ಟಿ ಮಾಡುವುದು.

ಹಾಗೆಂದು ಪದವಿಯೇ ಎಲ್ಲವೂ ಅಲ್ಲ. ಜೈಪುರದಲ್ಲಿ ಕಾಲು ಕಳೆದುಕೊಂಡವರಿಗೆ ಸಿಗುತ್ತಿದ್ದ ಕೃತಕ ಪಾದ ಬೂಟು ಹಾಕಿ ಕುರ್ಚಿಯಲ್ಲಿ ಕೂರುವವರಿಗೆಂದು ಮಾಡಿದ್ದು. ಬರಿಗಾಲಲ್ಲಿ ನಡೆದು, ಚಕ್ಕಳಮಕ್ಕಳ ಹಾಕಿ ಕುಳಿತು, ಗದ್ದೆಯ ಕೆಸರಿನಲ್ಲಿ ದುಡಿಯುವ ನಮ್ಮವರಿಗೆ ಅದು ಒಗ್ಗಲಿಲ್ಲ. 1960ರ ದಶಕದ ಕೊನೆಯಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮ ಮತ್ತು ಮೂಳೆ ತಜ್ಞ ಡಾ. ಪಿ. ಕೆ. ಸೇಠಿ ಸೇರಿ ರಬ್ಬರಿನಿಂದ ‘ಜೈಪುರ ಪಾದ’ ರೂಪಿಸಿದರು. ಅವರಿಬ್ಬರ ಬಳಿಯೂ ವಿನ್ಯಾಸದ ಪದವಿ ಇರಲಿಲ್ಲ. ಆದರೆ ಆ ಪಾದ ತೊಟ್ಟು ಮನೆಗೆ ಮರಳುವ ಮನುಷ್ಯ ಹೇಗೆ ಬದುಕುತ್ತಾನೆ ಎಂಬುದನ್ನು ಅವರು ಬಲ್ಲವರಾಗಿದ್ದರು. ಈ ವೃತ್ತಿಗೆ ಬರುವವರು ಮೊದಲು ಕಲಿಯಬೇಕಾದದ್ದು ಅದನ್ನೇ.