ಬಸುರಿಯ ಊಟವೂ ಕೂಸಿನ ಬುದ್ಧಿಯೂ

ಬಸುರಿಯು ಹೊಟ್ಟೆ ತುಂಬ ಉಂಡರೆ ಕೂಸು ದಪ್ಪವಾಗಿ ಹೆರಿಗೆಯು ಕಠಿನವಾಗುವುದೆಂದು ಹೆದರಿ, ಹಿರಿಯ ಹೆಂಗಸರು ಆಕೆಯ ತುತ್ತನ್ನು ತಗ್ಗಿಸುವುದುಂಟು. ಪ್ರೀತಿಯಿಂದ ಹುಟ್ಟಿದ ಈ ಎಚ್ಚರಿಕೆಯೇ ಕೂಸಿಗೆ ಕೇಡು.

ಗರ್ಭ ನಿಂತ ಸುಮಾರು 28 ದಿನಗಳೊಳಗೆ ಮಿದುಳು, ಬೆನ್ನುಹುರಿಗಳ ಮೂಲನಾಳವು ಮುಚ್ಚಿಕೊಳ್ಳತಕ್ಕದ್ದು. ಅದಕ್ಕೆ ಫೋಲಿಕ್ ಆಮ್ಲವು ಅವಶ್ಯ. ಆದುದರಿಂದ ವೈದ್ಯರನ್ನು ಕೇಳಿ, ಬಸಿರಿಗೆ ಮುಂಚೆಯೇ ಅದರ ಗುಳಿಗೆಯನ್ನು ತೊಡಗುವುದು ಲೇಸು. ಅಯೋಡಿನ್ನು ತೀರ ಕೊರತೆಯಾದರೆ ಕೂಸಿನ ಬುದ್ಧಿಯು ಮಂದವಾಗುವುದು.

ಸೋದರಿಯರೇ, ರಾಯಚೂರು, ದೇವದುರ್ಗಗಳ ಜೋಳದ ರೊಟ್ಟಿಯೊಡನೆ ಬೇಳೆ, ನುಗ್ಗೆಸೊಪ್ಪು, ಅಯೋಡಿನ್ ಸೇರಿದ ಉಪ್ಪು ಇರಲಿ. ಚಹವು ಕಬ್ಬಿಣಾಂಶವನ್ನು ಮೈಗೆ ಹತ್ತಗೊಡದು. ಊಟದೊಡನೆ ಅದು ಬೇಡ, ನಿಂಬೆಯ ರಸ ಸಾಕು.

2017ರಲ್ಲಿ ಅಂಗನವಾಡಿಯ ಬಿಸಿಯೂಟದ 'ಮಾತೃಪೂರ್ಣ' ಯೋಜನೆಯನ್ನು ಮೊದಲು ಪರೀಕ್ಷಿಸಿದ ತಾಲೂಕುಗಳಲ್ಲಿ ಮಾನ್ವಿಯೂ ಒಂದು. ಸೊಸೆಗೆ ಇನ್ನೊಂದು ರೊಟ್ಟಿ ಬಡಿಸುವ ಅತ್ತೆಯು ಮೊಮ್ಮಗುವಿಗೇ ಬಡಿಸುವಳು.