ಬ್ಯಾಂಡ್‌ಸಾ ಬ್ಲೇಡ್ ಬೇಗ ಹಾಳಾಗುವುದೇಕೆ? ಕಾರಣಗಳು ಮತ್ತು ಪರಿಹಾರೋಪಾಯಗಳು

ಲೋಹದ ಬಿಡಿಭಾಗಗಳನ್ನು ತಯಾರಿಸುವ ಸಣ್ಣ ಘಟಕಗಳಲ್ಲಿ ಬಹುತೇಕ ಮೊದಲ ಕೆಲಸವೆಂದರೆ ರಾಡನ್ನು ಅಳತೆಗೆ ಕತ್ತರಿಸುವುದು. ಈ ಹಂತದ ನಷ್ಟವು ಲೆಕ್ಕಪುಸ್ತಕದಲ್ಲಿ ಪ್ರತ್ಯೇಕವಾಗಿ ಕಾಣಿಸದ ಕಾರಣ ಅದರತ್ತ ಗಮನ ಹರಿಯುವುದು ವಿರಳ. 100 ಮಿ.ಮೀ. ವ್ಯಾಸದ ಉಕ್ಕಿನ ರಾಡಿನಲ್ಲಿ 1 ಮಿ.ಮೀ. ದಪ್ಪದ ಬಿಲ್ಲೆಯೊಂದರ ತೂಕ ಸುಮಾರು 62 ಗ್ರಾಂ. ಕಡಿತ ಓರೆಯಾದೀತೆಂದು ಪ್ರತಿ ತುಂಡಿಗೂ 2 ಮಿ.ಮೀ. ಹೆಚ್ಚಾಗಿ ಬಿಟ್ಟರೆ, ಸಾವಿರ ತುಂಡುಗಳಿಗೆ ಸುಮಾರು 123 ಕಿ.ಗ್ರಾಂ. ಉಕ್ಕು ಲೇತ್‌ನಲ್ಲಿ ಗುಜರಿಯಾಗುತ್ತದೆ. ಇದಕ್ಕೆ ಬ್ಲೇಡನ್ನೇ ದೂರಿ ಬೇರೊಂದನ್ನು ಕೊಳ್ಳುವುದು ರೂಢಿ. ಆದರೆ ಅನೇಕ ಸಂದರ್ಭಗಳಲ್ಲಿ ದೋಷವಿರುವುದು ಬ್ಲೇಡಿನ ಆಯ್ಕೆಯಲ್ಲಿ ಮತ್ತು ಯಂತ್ರದ ಹೊಂದಾಣಿಕೆಯಲ್ಲಿ. ಹಾಳಾದ ಬ್ಲೇಡನ್ನು ಪರೀಕ್ಷಿಸಿದರೆ ಕಾರಣವನ್ನು ಪತ್ತೆಹಚ್ಚಬಹುದು.

ಹಲ್ಲುಗಳು ಮುರಿಯುವುದು

ಬೈಮೆಟಲ್ ಬ್ಲೇಡಿನ ಬೆನ್ನು ಬಾಗುವ ಸ್ಪ್ರಿಂಗ್ ಉಕ್ಕಿನದು. ಹಲ್ಲಿನ ಅಂಚು ಹೈಸ್ಪೀಡ್ ಸ್ಟೀಲಿನದು. ಈ ಅಂಚು ಗಡುಸಾದರೂ ಪೆಟ್ಟನ್ನು ತಾಳದು. ಕತ್ತರಿಸುವಾಗ ಕನಿಷ್ಠ 3 ಹಲ್ಲುಗಳು ಲೋಹದೊಳಗಿರಬೇಕು. 6ರಿಂದ 12 ಇದ್ದರೆ ಉತ್ತಮ. 100 ಮಿ.ಮೀ. ಘನ ರಾಡಿಗೆ ಸರಿಹೊಂದುವ 3/4 ಟಿ.ಪಿ.ಐ. ಬ್ಲೇಡಿನಿಂದಲೇ ತೆಳು ಪೈಪನ್ನೂ ಕತ್ತರಿಸಿದರೆ ಹಲ್ಲುಗಳು ಸಾಲಾಗಿ ಉದುರುತ್ತವೆ. ಪೈಪಿಗೆ 8/12 ಅಥವಾ ಅದಕ್ಕಿಂತ ಸಣ್ಣ ಹಲ್ಲಿನ ಬ್ಲೇಡ್ ಅಗತ್ಯ. ವೈಸಿನಲ್ಲಿ ರಾಡ್ ಸಡಿಲವಾಗಿರುವುದು, ಚೂರು ತೆಗೆಯುವ ಬ್ರಶ್ ಸವೆದಿರುವುದು, ಹಳೆಯ ಬ್ಲೇಡ್ ಅರ್ಧಕ್ಕೆ ಬಿಟ್ಟ ಕಡಿತದೊಳಗೆ ಹೊಸ ಬ್ಲೇಡನ್ನು ಇಳಿಸುವುದು ಇತರ ಕಾರಣಗಳು.

ಕಡಿತ ಓರೆಯಾಗುವುದು

ಮೊದಲು ಬ್ಲೇಡಿನ ಬಿಗಿತವನ್ನು ಟೆನ್ಷನ್ ಮೀಟರಿನಿಂದ ಅಳೆಯಬೇಕು. ಅನಂತರ ಗೈಡುಗಳ ಸವೆತವನ್ನು ನೋಡಬೇಕು. ಎರಡು ಗೈಡ್ ತೋಳುಗಳ ನಡುವಣ ಅಂತರ ಹೆಚ್ಚಿದಷ್ಟೂ ಬ್ಲೇಡ್ ತಿರುಚಿಕೊಳ್ಳುತ್ತದೆ; ಆದ್ದರಿಂದ ಅವು ರಾಡಿಗೆ ಆದಷ್ಟು ಸಮೀಪವಿರಬೇಕು. ಇವೆಲ್ಲ ಸರಿಯಿದ್ದರೆ ಫೀಡ್ ಅತಿಯಾಗಿದೆ ಅಥವಾ ಒಂದು ಬದಿಯ ಹಲ್ಲುಗಳು ಮೊಂಡಾಗಿವೆ ಎಂದು ತಿಳಿಯಬೇಕು.

ಹಲ್ಲುಗಳು ಬೇಗ ಮೊಂಡಾಗುವುದು

ಇದನ್ನು ಹೊರಬೀಳುವ ಲೋಹದ ಚೂರುಗಳೇ ಮೊದಲು ಸೂಚಿಸುತ್ತವೆ. ಉಕ್ಕಿನ ಚೂರು ಸುರುಳಿಯಾಗಿ, ಬೆಳ್ಳಿಯ ಬಣ್ಣದಲ್ಲಿದ್ದರೆ ಹೊಂದಾಣಿಕೆ ಸರಿಯಿದೆ. ಪುಡಿಯಂತಿದ್ದರೆ ಫೀಡ್ ಕಡಿಮೆ. ಹಲ್ಲು ಕತ್ತರಿಸದೆ ಉಜ್ಜುತ್ತಿದೆ. ದಪ್ಪನಾಗಿ, ನೀಲಿಗಟ್ಟಿದ್ದರೆ ಫೀಡ್ ಅಥವಾ ವೇಗ ಹೆಚ್ಚಾಗಿದೆ. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಫೀಡನ್ನು ತೀರ ತಗ್ಗಿಸುವುದು ಅಪಾಯಕರ. ಉಜ್ಜಿದ ಮೇಲ್ಮೈ ಗಡುಸಾಗಿ ಹಲ್ಲುಗಳನ್ನೇ ತಿನ್ನುತ್ತದೆ. ಇದಕ್ಕೆ ವೇಗ ಕಡಿಮೆಯಿರಬೇಕು, ಫೀಡ್ ದೃಢವಾಗಿರಬೇಕು. ಕೂಲಂಟ್ ತೊಟ್ಟಿಗೆ ಬರಿಯ ನೀರು ಸುರಿಯುತ್ತ ಹೋದರೆ ಎಣ್ಣೆಯ ಅಂಶ ಕುಗ್ಗುತ್ತದೆ. ಅದನ್ನು ರಿಫ್ರಾಕ್ಟೋಮೀಟರಿನಿಂದ ಆಗಾಗ ಪರೀಕ್ಷಿಸಬೇಕು.

ಬ್ಲೇಡ್ ತುಂಡಾಗುವುದು

ಬೆನ್ನಿನ ಕಡೆಯಿಂದ ಬಿರುಕು ಹೊರಟಿದ್ದರೆ ಹಿಂಬದಿಯ ಗೈಡ್ ಸವೆದಿದೆ ಅಥವಾ ಬ್ಲೇಡ್ ಚಕ್ರದ ಅಂಚಿಗೆ ಉಜ್ಜುತ್ತಿದೆ. ಹಲ್ಲಿನ ಬುಡದಿಂದ ಹೊರಟಿದ್ದರೆ ಫೀಡ್ ಅಥವಾ ಬಿಗಿತ ಅತಿಯಾಗಿದೆ. ಬೆಸುಗೆಯಲ್ಲಿಯೇ ತುಂಡಾಗಿದ್ದರೆ ಬೆಸುಗೆ ಅಥವಾ ಅದರ ಅನಂತರದ ಹದಗೊಳಿಸುವಿಕೆ ಸರಿಯಾಗಿಲ್ಲ. ಆಗ ಮಾತ್ರ ಮಾರಾಟಗಾರರಲ್ಲಿ ದೂರು ಕೊಡುವುದು ಸಮಂಜಸ. ಮುರಿದ ತುಂಡನ್ನು ಎಸೆಯದೆ ಅವರಿಗೆ ತೋರಿಸಬೇಕು.

ಹೊಸ ಬ್ಲೇಡನ್ನು ಪಳಗಿಸುವುದು

ಹೊಸ ಹಲ್ಲಿನ ತುದಿ ಅತಿ ಚೂಪಾಗಿದ್ದು, ಪೂರ್ಣ ಒತ್ತಡ ಬಿದ್ದೊಡನೆ ಸೂಕ್ಷ್ಮವಾಗಿ ಸಿಡಿಯುತ್ತದೆ. ಮೊದಲ 300 ಚದರ ಸೆಂ.ಮೀ.ವರೆಗೆ, ಅಂದರೆ 100 ಮಿ.ಮೀ. ರಾಡಿನ ಸುಮಾರು ನಾಲ್ಕು ಕಡಿತಗಳವರೆಗೆ, ವೇಗವನ್ನು ಬದಲಿಸದೆ ಫೀಡನ್ನು ಸುಮಾರು ಅರ್ಧಕ್ಕೆ ಇಳಿಸಿ, ಬಳಿಕ ಕ್ರಮೇಣ ಏರಿಸಬೇಕು. ಅವಸರದಲ್ಲಿ ಕೈಬಿಡುವ ಕ್ರಮವಿದು. ಆದರೆ ಇದರಿಂದ ಬ್ಲೇಡಿನ ಆಯುಷ್ಯ ಗಣನೀಯವಾಗಿ ಹೆಚ್ಚುತ್ತದೆ.

ಲೆಕ್ಕವಿಡುವ ಕ್ರಮ

ಬ್ಲೇಡಿನ ಬೆಲೆಯನ್ನು ಅದು ಕತ್ತರಿಸಿದ ಒಟ್ಟು ಚದರ ಸೆಂಟಿಮೀಟರಿನಿಂದ ಭಾಗಿಸಿದರೆ ನಿಜವಾದ ವೆಚ್ಚ ತಿಳಿಯುತ್ತದೆ. ಯಂತ್ರದ ಬಳಿ ಒಂದು ಪುಸ್ತಕವಿಟ್ಟು ಬ್ಲೇಡ್ ಹಾಕಿದ ದಿನ, ಲೋಹ, ಕಡಿತಗಳ ಸಂಖ್ಯೆ ಮತ್ತು ತೆಗೆದ ಕಾರಣವನ್ನು ಬರೆದಿಡುವುದು ಸೂಕ್ತ. ಅಗ್ಗದ ಬ್ಲೇಡ್ ಲಾಭದಾಯಕವೇ, ದುಬಾರಿಯದೇ ಎಂಬುದನ್ನು ಉದ್ಯಮಿಗಳು ಆಗ ಸ್ವಂತ ಅಂಕಿಗಳ ಆಧಾರದಿಂದಲೇ ನಿರ್ಧರಿಸಬಹುದು.